ಮುಟ್ಟಿದರೆ ಗೀರು

ಮನೆಗೆ ಬರುವ ವಸ್ತುಗಳಲ್ಲಿ ಎರಡು ಜಾತಿ. ಒಂದು, ನಮ್ಮ ಸೇವೆ ಮಾಡಲು ಬರುವಂಥದ್ದು. ಮಿಕ್ಸಿ, ಕುಕ್ಕರ್, ಇಸ್ತ್ರಿಪೆಟ್ಟಿಗೆ ಈ ಜಾತಿಯವು. ಇನ್ನೊಂದು, ನಮ್ಮಿಂದ ಸೇವೆ ಮಾಡಿಸಿಕೊಳ್ಳಲು ಬರುವಂಥದ್ದು. ಹಿತ್ತಾಳೆಯ ದೀಪದ ಕಂಬ, ಗಾಜಿನ ಬಾಗಿಲಿನ ಶೋಕೇಸು, ಬಿಳಿಯ ಸೋಫಾ ಇತ್ಯಾದಿ. ಈ ಎರಡನೆಯ ಜಾತಿಯಲ್ಲಿ ನಾನು ಕಂಡ ಅತ್ಯಂತ ಬಿಗುಮಾನದ ವಸ್ತು ಯಾವುದೆಂದು ಕೇಳಿದರೆ ನಮ್ಮ ಹಜಾರದಲ್ಲಿ ಟೀವಿಯ ಎಡಬಲಕ್ಕೆ ದ್ವಾರಪಾಲಕರಂತೆ ನಿಂತಿರುವ ಜೋಡಿ ಸ್ಪೀಕರುಗಳನ್ನು ತೋರಿಸುತ್ತೇನೆ.

ಇವರು ಬ್ಯಾಂಕಿನಿಂದ ನಿವೃತ್ತರಾದದ್ದು 2011ರಲ್ಲಿ. ಜೊತೆಯಲ್ಲಿ ನಿವೃತ್ತರಾದವರೆಲ್ಲ ಕಾಶಿ, ಬದರಿ ಎಂದು ಹೊರಟರೆ ಇವರು ಎಸ್.ಪಿ. ರಸ್ತೆಗೆ ಹೊರಟರು. ಮೂರು ತಿಂಗಳು ಅಂಗಡಿ ಅಂಗಡಿ ಸುತ್ತಿ, ಎಲ್ಲ ಕಡೆಯೂ ಭೀಮಸೇನ ಜೋಶಿಯವರ ಅದೇ ಒಂದು ತೋಡಿಯನ್ನು ಹಾಕಿಸಿ ಕೇಳಿ, ಅಂಗಡಿಯವರು ಇವರನ್ನು ಕಂಡರೆ ಒಳಗೆ ಹೋಗುವಷ್ಟು ಬೇಸರ ಹುಟ್ಟಿಸಿ, ಕಡೆಗೊಂದು ಸಂಜೆ ಟೆಂಪೋದಿಂದ ಎರಡು ಪೆಟ್ಟಿಗೆ ಇಳಿಸಿದರು. ಬೆಲೆ ಕೇಳಿದೆ. ಹೇಳಿದರು. ನನ್ನ ಎರಡೆಳೆ ಸರ ಮಾಡಿಸುವ ಮಾತು ಆ ವರ್ಷಕ್ಕೆ ಅಲ್ಲಿಗೆ ಮುಗಿಯಿತು.

ಮೂರೂವರೆ ಅಡಿ ಎತ್ತರ. ಕಪ್ಪೆಂದರೆ ಕಪ್ಪು. ಪಿಯಾನೋ ವಾದ್ಯಕ್ಕೆ ಕೊಡುವಂಥ ಮೆರುಗಂತೆ, ಅದಕ್ಕೇ ‘ಪಿಯಾನೋ ಬ್ಲ್ಯಾಕ್’ ಎಂದು ಹೆಸರು. ಎದುರು ನಿಂತರೆ ಮುಖ ಕಾಣುತ್ತದೆ, ಕುಂಕುಮ ತಿದ್ದಿಕೊಳ್ಳಬಹುದು. ನಾನು ಮೊದಲ ದಿನವೇ ಹಾಗೆ ತಿದ್ದಿಕೊಂಡೆ. ‘ಏನೇ, ಅಲ್ಲಿ ನಿಂತು ಕುಂಕುಮ ಉದುರಿಸ್ತಿದೀಯಾ?’ ಎಂಬ ಕೂಗು ಬಂತು. ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ಕಾನೂನು: ಯಾರೂ ಮುಟ್ಟಬಾರದು. ಒರೆಸುವ ಕೆಲಸ ಇವರದೇ. ಮೂವತ್ತೆಂಟು ವರ್ಷದ ದಾಂಪತ್ಯದಲ್ಲಿ ಇವರು ತಾವಾಗಿ ಕೈಗೆ ಬಟ್ಟೆ ಹಿಡಿದು ಒರೆಸಿದ ಮೊದಲ ವಸ್ತು ಅದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ನನ್ನ ತವರಿನಲ್ಲೂ ಹೀಗೆ ಸೇವೆ ಮಾಡಿಸಿಕೊಳ್ಳುವ ಒಂದು ಪೆಟ್ಟಿಗೆ ಇತ್ತು. ಮರ್ಫಿ ರೇಡಿಯೋ. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟಬೇಕಾಗಿದ್ದ ಕಾಲ. ಮರದ ಮೈ, ಮೇಲೆ ಜೇನುಬಣ್ಣದ ಹೊಳಪು. ಅಮ್ಮ ಅದಕ್ಕೆ ಕ್ರೋಷಾದಲ್ಲಿ ಬಿಳಿಯ ಮುಸುಕು ಹೆಣೆದಿದ್ದಳು. ಅಪ್ಪ ವಾರ್ತೆಗೆ ಕೂತಾಗ ಮಾತ್ರ ಮುಸುಕು ಮೇಲೇರುತ್ತಿತ್ತು. ನಾವು ಮಕ್ಕಳು ಆತುರಕ್ಕೆ ಅದನ್ನು ಒಂದು ಕಡೆಯಿಂದ ಎಳೆದರೆ ಅಡುಗೆಮನೆಯಿಂದಲೇ ಅಮ್ಮನಿಗೆ ಅದು ಹೇಗೆ ತಿಳಿಯುತ್ತಿತ್ತೋ, ‘ಎಳೀಬೇಡ, ಎತ್ತು’ ಎನ್ನುತ್ತಿದ್ದಳು. ಯಾಕೆ ಎಂದು ಅವಳು ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಾವಿರುವುದು ಜಯನಗರದಲ್ಲಿ, ಆರ್.ವಿ. ರಸ್ತೆಗೆ ಹತ್ತಿರ. 2017ರ ಜೂನ್‌ನಲ್ಲಿ ನಮ್ಮ ಮೆಟ್ರೋದ ಹಸಿರು ಮಾರ್ಗ ಯಲಚೇನಹಳ್ಳಿಯವರೆಗೆ ಓಡತೊಡಗಿತು. ಈಗ ಬನಶಂಕರಿಗೆ ಹೋಗುವುದೆಂದರೆ ಕೂತು ಏಳುವಷ್ಟರ ಕೆಲಸ. ಆದರೆ ಅದಕ್ಕೆ ಮೊದಲು, ಕಂಬಗಳು ಏಳುತ್ತಿದ್ದ ವರ್ಷಗಳಲ್ಲಿ, ಈ ರಸ್ತೆಯ ಆಸುಪಾಸಿನಲ್ಲಿ ಮನೆ ನಡೆಸಿದ ಹೆಂಗಸರನ್ನು ಕೇಳಬೇಕು. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಮಧ್ಯಾಹ್ನ ಬೆರಳಿನಲ್ಲಿ ರಂಗೋಲಿ ಬಿಡಬಹುದಾಗಿತ್ತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಗುವವರೆಗೆ ಬಿ.ಟಿ.ಎಂ. ಲೇಔಟಿನ ನನ್ನ ತಂಗಿಯದೂ ಇದೇ ಗೋಳು. ಸ್ಪೀಕರುಗಳ ಕಪ್ಪು ಮೈಯ ಮೇಲಂತೂ ಒಂದು ಕಣ ಬಿದ್ದರೂ ನಕ್ಷತ್ರದಂತೆ ಕಾಣುತ್ತಿತ್ತು. ಇವರು ದಿನಕ್ಕೆರಡು ಸಲ ತಮ್ಮ ಹಳೆಯ ಬನಿಯನ್ನೊಂದನ್ನು ಮಡಿಸಿಕೊಂಡು ಉಜ್ಜುತ್ತಿದ್ದರು. ತ್ರಿಕಾಲ ಸಂಧ್ಯಾವಂದನೆಗೆ ಒಂದೇ ಕಡಿಮೆ.

ಒಂದು ದಿನ ಸಂಜೆ ನಾಲ್ಕರ ಹೊತ್ತಿಗೆ ಪಶ್ಚಿಮದ ಕಿಟಕಿಯಿಂದ ಬಿಸಿಲು ನೇರ ಸ್ಪೀಕರಿನ ಮೇಲೆ ಬಿತ್ತು. ಇವರು ಕಾಫಿ ಲೋಟ ಹಿಡಿದವರು ಹಾಗೇ ನಿಂತರು. ಕಪ್ಪು ಮೈಯ ತುಂಬ ಜೇಡರ ಬಲೆಯಂತೆ ದುಂಡುದುಂಡಾಗಿ ಸಣ್ಣ ಗೆರೆಗಳು. ಒಂದಲ್ಲ ಎರಡಲ್ಲ, ಸಾವಿರ ಇರಬಹುದು.

ತಕ್ಷಣ ಅನುಮಾನ ಯಾರ ಮೇಲೆ ಹೋಗಿರಬಹುದು ಎಂದು ನೀವು ಊಹಿಸಿಯೇ ಇರುತ್ತೀರಿ. ಮನೆಯಲ್ಲಿ ಏನು ಒಡೆದರೂ ಏನು ಕಳೆದರೂ ಮೊದಲು ಹೋಗುವುದು ಮನೆಗೆಲಸದಾಕೆಯ ಮೇಲೆ. ಕದಿರೇನಹಳ್ಳಿಯಿಂದ ಬರುವ ಆಕೆ ಆಗ ನಮ್ಮಲ್ಲಿಗೆ ಬಂದು ಹನ್ನೊಂದು ವರ್ಷ. ನಾವು ಊರಿಗೆ ಹೋದರೆ ಬೀಗದ ಕೈ ಆಕೆಯ ಹತ್ತಿರ. ಇವರು ಕೂಗಾಡಲಿಲ್ಲ, ಕೂಗಾಡುವವರಲ್ಲ. ಆಕೆ ಪಾತ್ರೆ ತೊಳೆಯುತ್ತಿರುವಾಗ ಆಕೆಗೆ ಕೇಳುವಂತೆ ನನ್ನ ಹತ್ತಿರ, ‘ಕೈತುಂಬ ಬಳೆ ಹಾಕ್ಕೊಂಡು ಗುಡಿಸಿದ್ರೆ ಇನ್ನೇನಾಗುತ್ತೆ’ ಎಂದರು. ಅಷ್ಟೇ.

ಮಾರನೆಯ ದಿನದಿಂದ ಆಕೆ ಹಜಾರದ ಹೊಸ್ತಿಲವರೆಗೆ ಗುಡಿಸಿ ಪೊರಕೆಯನ್ನು ಅಲ್ಲೇ ಒರಗಿಸಿ ಹೋಗತೊಡಗಿದಳು. ಕೇಳಿದರೆ, ‘ನಿಮ್ ಸಾಮಾನು ನಿಮ್ಗೇ ಇರ್ಲಿ ಬಿಡೀಮ್ಮಾ’ ಎಂದಳು. ಒಂದು ವಾರದ ಮೇಲೆ, ತಿಂಗಳು ತುಂಬುತ್ತಲೇ ಲೆಕ್ಕ ಮಾಡಿ ಕೊಟ್ಟುಬಿಡಿ ಎಂದಳು. ಬೇರೆ ಮನೆ ನೋಡಿಕೊಂಡಿದ್ದಳೋ ಇಲ್ಲವೋ, ಆ ಮಾತು ಮಾತ್ರ ನನ್ನ ಎದೆಯಲ್ಲಿ ಕೂತಿತು. ಇವರ ಎರಡು ಮರದ ಪೆಟ್ಟಿಗೆಗೆ ನನ್ನ ಹನ್ನೊಂದು ವರ್ಷದ ಮನುಷ್ಯಳನ್ನು ಕಳೆದುಕೊಳ್ಳಬೇಕೆ?

ಇವರು ಆ ಗೆರೆಗಳನ್ನು ತೆಗೆಸಲು ಒಬ್ಬರನ್ನು ಕರೆತಂದರು. ಜೆ.ಸಿ. ರಸ್ತೆಯಲ್ಲಿ ಕಾರುಗಳಿಗೆ ಪಾಲಿಶ್ ಮಾಡುವಾತ, ನಮ್ಮ ಮಗಳ ವಯಸ್ಸಿನವನು. ಆತ ಪರದೆ ಎಳೆಯಲು ಹೇಳಿ, ಕೈಯಲ್ಲಿ ಸಣ್ಣ ಟಾರ್ಚು ಹಿಡಿದು ಸ್ಪೀಕರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಡಾಕ್ಟರು ಕಣ್ಣು ಪರೀಕ್ಷೆ ಮಾಡುವ ರೀತಿ. ಆಮೇಲೆ ನನ್ನನ್ನೂ ಕರೆದು ತೋರಿಸಿದ. ಟಾರ್ಚನ್ನು ಎಡಕ್ಕೆ ಸರಿಸಿದರೆ ಗೆರೆಗಳ ಚಕ್ರವೂ ಎಡಕ್ಕೆ ಬಂತು. ಬಲಕ್ಕೆ ಸರಿಸಿದರೆ ಬಲಕ್ಕೆ. ‘ನೋಡಿ ಆಂಟಿ, ಗೀರು ಎಲ್ಲಾ ದಿಕ್ಕಿಗೂ ಇವೆ. ಬೆಳಕಿಗೆ ಅಡ್ಡವಾಗಿರೋವು ಮಾತ್ರ ಹೊಳೀತವೆ, ಅದಕ್ಕೇ ದುಂಡಗೆ ಕಾಣ್ತವೆ’ ಎಂದ. ‘ಬಳೆ ತಾಗಿ ಹೀಗಾಗಿರಬಹುದಾ?’ ಎಂದು ನಾನೇ ಕೇಳಿದೆ, ಇವರು ಕೇಳಿಸಿಕೊಳ್ಳಲಿ ಎಂದೇ. ಆತ ನಕ್ಕುಬಿಟ್ಟ. ಬಳೆಯೋ ಉಂಗುರವೋ ತಾಗಿದ್ದರೆ ಒಂದೇ ಒಂದು ಉದ್ದ ಗೀರು, ಉಗುರಿಟ್ಟರೆ ಸಿಕ್ಕುವಷ್ಟು ಆಳ ಇರುತ್ತಿತ್ತಂತೆ. ಕೂದಲೆಳೆಯಂಥ ಈ ಬಲೆ ಬರುವುದು ಒಣಬಟ್ಟೆಯಲ್ಲಿ ಧೂಳನ್ನು ಉಜ್ಜಿದಾಗ. ಅದೂ ಇದ್ದದ್ದು ಎಲ್ಲಿ? ಸ್ಪೀಕರಿನ ನೆತ್ತಿಯಲ್ಲಿ ಮತ್ತು ಎದೆಮಟ್ಟದಲ್ಲಿ. ಗುಡಿಸುವ ಪೊರಕೆ, ಬಗ್ಗಿದ ಕೈ ತಾಗಬಹುದಾದ ಕೆಳಗಿನ ಒಂದೂವರೆ ಅಡಿ ಹೊಸದರಂತೆ ಫಳಫಳ ಎನ್ನುತ್ತಿತ್ತು. ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಬನಿಯನ್ನನ್ನು ನಾನು ನೋಡಿದೆ. ಇವರೂ ನೋಡಿದರು.

ಮೈಸೂರಿನಲ್ಲಿರುವ ಮಗಳು ಭೂವಿಜ್ಞಾನ ಓದಿದವಳು. ಫೋನಿನಲ್ಲಿ ಈ ಕಥೆ ಹೇಳಿದಾಗ ಇನ್ನೊಂದು ಮಾತು ತಿಳಿಸಿದಳು. 1812ರಲ್ಲಿ ಫ್ರೀಡ್ರಿಕ್ ಮೋಸ್ ಎಂಬ ಜರ್ಮನ್ ವಿದ್ವಾಂಸ ಖನಿಜಗಳ ಗಟ್ಟಿತನಕ್ಕೆ ಒಂದು ಏಣಿ ಮಾಡಿದನಂತೆ. ಬಳಪದಂಥ ಮೆದುಗಲ್ಲಿನ ಖನಿಜಕ್ಕೆ 1, ವಜ್ರಕ್ಕೆ 10. ಮೇಲಿನ ಮೆಟ್ಟಿಲಿನದು ಕೆಳಗಿನದನ್ನು ಗೀರಬಲ್ಲದು. ನಮ್ಮ ಉಗುರು ಎರಡೂವರೆಯ ಆಸುಪಾಸು, ಚಿನ್ನವೂ ಸುಮಾರು ಅಲ್ಲೇ, ಕಿಟಕಿಯ ಗಾಜು ಐದೂವರೆ. ಮರಳಿನಲ್ಲಿ, ರಸ್ತೆಯ ಧೂಳಿನಲ್ಲಿ ಇರುವ ಬೆಣಚುಕಲ್ಲಿನ ಪುಡಿ 7. ಸ್ಪೀಕರಿನ ಮೆರುಗು ಎಂದರೆ ಪ್ಲಾಸ್ಟಿಕ್ಕಿನ ಅಣ್ಣತಮ್ಮ, ಗಾಜಿಗಿಂತ ಎಷ್ಟೋ ಮೆದು. ಬನಿಯನ್ನು ಎಷ್ಟು ಮೃದುವಾಗಿದ್ದರೇನು? ಅದರ ಕೆಳಗೆ ಸಿಕ್ಕಿಕೊಂಡ ಮರಳಿನ ಕಣ ಉಳಿಯಾಗಿಬಿಡುತ್ತದೆ. ಅಮ್ಮನ ‘ಎಳೀಬೇಡ, ಎತ್ತು’ ಎಂಬುದರ ಅರ್ಥ ನನಗಾದದ್ದು ಆ ಫೋನಿನಲ್ಲಿ. ಮುಸುಕಿನ ಮೇಲಿನ ಧೂಳನ್ನು ರೇಡಿಯೋದ ಮೈಮೇಲೆ ಎಳೆಯಬೇಡ ಎಂದು ಅವಳು ಹೇಳುತ್ತಿದ್ದದ್ದು.

ಪಾಲಿಶಿನ ಹುಡುಗ ಸ್ಪಂಜಿನ ಗಾಲಿಗೆ ಏನೋ ಬಿಳಿಯ ಮುಲಾಮು ಹಚ್ಚಿ ಮೂರು ಗಂಟೆ ಕೆಲಸ ಮಾಡಿದ. ಮುಕ್ಕಾಲು ಪಾಲು ಗೆರೆ ಹೋಯಿತು. ಹೋಗುವಾಗ ಎಚ್ಚರಿಕೆ ಹೇಳಿದ: ಗೆರೆ ತೆಗೆಯುವುದೆಂದರೆ ಗೆರೆಯ ಸುತ್ತಲಿನ ಮೆರುಗನ್ನು ಸವೆಸಿ ಸಮ ಮಾಡುವುದು, ಪದರ ತೆಳ್ಳಗಿರುತ್ತದೆ, ವರ್ಷವರ್ಷವೂ ಮಾಡಿಸುವಂತಿಲ್ಲ.

ಆ ಸಂಜೆ ಇವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಏನೋ ಹೇಳಲಿಕ್ಕೆ ಬಂದವರು ಕುಡಿಯುವ ನೀರು ಕೇಳಿದರು. ಕುಡಿದರು. ಆಮೇಲೆ, ‘ಅದೇನಮ್ಮಾ, ನಿನ್ನ ಬಳೆಯಿಂದ ಆದದ್ದಲ್ಲವಂತೆ. ನನ್ನ ಬನಿಯನ್ನಿಂದ ಆದದ್ದಂತೆ’ ಎಂದರು. ಆಕೆ ತೊಳೆಯುತ್ತಿದ್ದ ಬಾಣಲೆಯಿಂದ ತಲೆ ಎತ್ತಲಿಲ್ಲ. ‘ನಂಗೆ ಆವತ್ತೇ ಗೊತ್ತು ಯಜಮಾನ್ರೇ. ನಾನು ಹೇಳಿದ್ರೆ ನಂಬ್ತಿದ್ರಾ?’ ಎಂದಳು. ಇವರ ಹತ್ತಿರ ಉತ್ತರ ಇರಲಿಲ್ಲ. ಮಾರನೆಯ ದಿನ ಪೊರಕೆ ಹೊಸ್ತಿಲು ದಾಟಿತು. ಲೆಕ್ಕದ ಮಾತು ಮತ್ತೆ ಬರಲಿಲ್ಲ.

ಇನ್ನು ಒರೆಸುವ ವಿಷಯ. ಸ್ಪೀಕರ್ ಇರಲಿ, ಹೊಳೆಯುವ ಕಪಾಟು ಇರಲಿ, ಮೆರುಗಿನ ಊಟದ ಮೇಜಿರಲಿ, ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ. ನೋಡಿದರೆ ಇದರಲ್ಲಿ ನಮಗೆ ಹೊಸದೇನಿಲ್ಲ. ದಸರೆಯಲ್ಲಿ ಗೊಂಬೆ ಇಳಿಸುವಾಗ ನಾವೇನು ಮಾಡುತ್ತೇವೆ? ಪಟ್ಟದ ಗೊಂಬೆಯ ಮುಖವನ್ನು ಎಂದಾದರೂ ಬಟ್ಟೆಯಲ್ಲಿ ತಿಕ್ಕಿದ್ದುಂಟೆ? ಮೊದಲು ಊದುತ್ತೇವೆ, ಆಮೇಲೆ ಮೆತ್ತಗಿನ ಬ್ರಷ್ಷಿನಲ್ಲಿ ನೇವರಿಸುತ್ತೇವೆ. ಚನ್ನಪಟ್ಟಣದ ಗೊಂಬೆಗಳಿಗಾದರೆ ಅರಗಿನ ಬಣ್ಣ. ಸುತ್ತುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಹಿಡಿದು ಹೊಳಪು ತರುತ್ತಾರೆ. ಆ ಹೊಳಪಿಗೆ ಸ್ಪಿರಿಟ್ಟು ತಾಗಿದರೆ ಅರಗೇ ಕರಗಿ ಹೋಗುತ್ತದೆ. ಸ್ಪೀಕರಿನ ಮೆರುಗು ಬೇರೆ ಕುಲದ್ದು, ಆದರೂ ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ, ಕನ್ನಡಿ ಒರೆಸುವ ಅಮೋನಿಯಾದ ನೀರು ಇವಕ್ಕೆಲ್ಲ ಅದೂ ದೂರವೇ ಇರಬೇಕು. ಪಾತ್ರೆ ತಿಕ್ಕುವ ಪುಡಿಯ ಹೆಸರನ್ನೂ ಅದರ ಮುಂದೆ ಎತ್ತಬಾರದು.

ನಾವು ಈಗ ಮಾಡುವುದು ಹೀಗೆ. ಕ್ಯಾಮೆರಾದವರು ಲೆನ್ಸಿಗೆ ಗಾಳಿ ಹಾಕಲು ಇಟ್ಟುಕೊಳ್ಳುವ ರಬ್ಬರಿನ ಬುರುಡೆಯೊಂದನ್ನು ತಂದಿದ್ದೇವೆ. ಅದರಲ್ಲಿ ಮೊದಲು ಪುಸ್ ಪುಸ್ ಎಂದು ಧೂಳು ಹಾರಿಸುವುದು. ಬಾಯಲ್ಲಿ ಊದಬಾರದು, ಎಂಜಲಿನ ಹನಿ ಕಲೆ ಮಾಡುತ್ತದೆ. ಆಮೇಲೆ ಅಗಲವಾದ ಮೆತ್ತಗಿನ ಬ್ರಷ್ಷು, ಮೇಲಿನಿಂದ ಕೆಳಕ್ಕೆ, ಭಾರ ಹಾಕದೆ. ಎಷ್ಟೋ ದಿನ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಬಟ್ಟೆ ಮುಟ್ಟಿಸುವುದೇ ಬೇಡ. ಬೆರಳಿನ ಗುರುತು, ಎಣ್ಣೆಯ ಜಿಡ್ಡು ಇದ್ದರೆ ಮಾತ್ರ ಮೈಕ್ರೋಫೈಬರ್ ಬಟ್ಟೆ. ಅದನ್ನು ನೀರಿನಲ್ಲಿ ಅದ್ದಿ, ಇನ್ನು ಹನಿ ಬೀಳದು ಎನ್ನುವಷ್ಟು ಹಿಂಡಿ, ನೇರಗೆರೆಯಲ್ಲಿ ಒಂದು ಸಲ ಎಳೆದು, ಬಟ್ಟೆಯ ಮಡಿಕೆ ತಿರುಗಿಸಿ ಹೊಸ ಮುಖದಿಂದ ಇನ್ನೊಂದು ಸಲ. ದುಂಡಗೆ ತಿರುವಬಾರದು. ನೀರನ್ನು ಬಟ್ಟೆಗೆ ಹಾಕಬೇಕೇ ಹೊರತು ಸ್ಪೀಕರಿನ ಮೇಲೆ ಸಿಂಪಡಿಸಬಾರದು. ಕೂಡಲೇ ಒಣಗಿದ ಇನ್ನೊಂದು ಬಟ್ಟೆಯಿಂದ ತೇವ ತೆಗೆಯಬೇಕು. ನೀರೂ ಎಂಥದ್ದಾದರೂ ನಡೆಯುವುದಿಲ್ಲ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಒಣಗಿದಲ್ಲೆಲ್ಲ ಸುಣ್ಣದ ಬಿಳಿಯ ಉಂಗುರ ಬಿಡುತ್ತದೆ, ಬಚ್ಚಲಿನ ನಲ್ಲಿಯ ಮೇಲೆ ನೀವೂ ಕಂಡಿರುತ್ತೀರಿ. ಫಿಲ್ಟರಿನ ನೀರು ಒಂದು ಬಟ್ಟಲು ಸಾಕು. ಒಣಬಟ್ಟೆಯಲ್ಲಿ ಜೋರಾಗಿ ಉಜ್ಜಿದರೆ ಇನ್ನೊಂದು ಪೇಚು: ಉಜ್ಜಿದ ಮೈಯಲ್ಲಿ ವಿದ್ಯುತ್ತು ಕೂತು ಧೂಳನ್ನು ತಾನಾಗಿ ಕರೆಯುತ್ತದೆ. ಇವರು ದಿನಕ್ಕೆರಡು ಸಲ ಉಜ್ಜಿದಷ್ಟೂ ಧೂಳು ಹೆಚ್ಚಾಗುತ್ತಿದ್ದದ್ದು ಮೆಟ್ರೋದಿಂದ ಮಾತ್ರವಲ್ಲ.

ಮುಂದಿನ ಮಾತು ನಮ್ಮ ಹೆಂಗಸರಿಗೇ. ಒರೆಸುವ ಮೊದಲು ಬಳೆ, ಉಂಗುರ ತೆಗೆದಿಡಿ. ಮಾಂಗಲ್ಯದ ಸರವನ್ನು ಒಳಗೆ ಸೇರಿಸಿ. ಬಗ್ಗಿದಾಗ ಅದು ಉಯ್ಯಾಲೆಯಾಡಿ ಹೋಗಿ ತಾಗುತ್ತದೆ. ಸೆರಗಿನ ಪಿನ್ನು, ಜರಿಯ ಅಂಚು ಸೊಂಟಕ್ಕೆ ಹೋಗಲಿ. ಸ್ಪೀಕರಿನ ಎದೆಯಲ್ಲಿರುವ ಆ ಪುಟ್ಟ ಗುಮ್ಮಟ, ದೊಡ್ಡ ತಟ್ಟೆ, ಇವನ್ನು ಮುಟ್ಟಲೇಬಾರದು. ಅವು ಚೆನ್ನಾಗಿ ಒಗೆದ ಹಪ್ಪಳದಂತೆ, ಒತ್ತಿದರೆ ತಗ್ಗು. ಅಕ್ಕನ ಮೊಮ್ಮಗ ಒಂದು ಸಲ ಬೆರಳು ನೀಡಿದ್ದ. ಹಿಡಿಯಲು ನಾಲ್ಕು ಜನ ಓಡಿದೆವು.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಪ್ರತಿ ವರ್ಷ ಒಂದು ಚರ್ಚೆ. ಕತ್ತರಿ, ಈಳಿಗೆಮಣೆ, ಸ್ಕೂಟರು, ಕಂಪ್ಯೂಟರು ಎಲ್ಲಕ್ಕೂ ಗಂಧ ಕುಂಕುಮ ಇಡುವಾಗ ಸ್ಪೀಕರನ್ನು ಬಿಡಲು ನನಗೆ ಮನಸ್ಸಾಗದು. ಹಾಡುವ ವಸ್ತು, ಸರಸ್ವತಿಯ ಕಡೆಯದು. ಆದರೆ ಒಣಗಿದ ಗಂಧವನ್ನು ಕೆರೆದು ತೆಗೆಯಬೇಕಾಗುತ್ತದೆ, ಕುಂಕುಮದ ಬಣ್ಣ ಹತ್ತುತ್ತದೆ, ಚೆಂಡುಹೂವಿನ ಹಾರ ಒದ್ದೆಯಿರುತ್ತದೆ, ಕರ್ಪೂರದ ಮಸಿ ಹೋಗಿ ಅಂಟಿಕೊಳ್ಳುತ್ತದೆ. ಸ್ಟಿಕ್ಕರಿನ ಕುಂಕುಮ ಹಚ್ಚಿ ಎಂದು ಪಕ್ಕದ ಮನೆಯವರು ಸಲಹೆ ಕೊಟ್ಟರು. ಅದರ ಅಂಟು ಇನ್ನೂ ಕೇಡು. ಪರಿಹಾರ ಸಿಕ್ಕಿದ್ದು ಕೆಳಗೆ. ಈ ಪೆಟ್ಟಿಗೆಗಳು ಒಳಗೆ ಗಟ್ಟಿಮರವಲ್ಲ. ಮರದ ನಾರನ್ನು ಅಂಟಿನ ಜೊತೆ ಬಿಸಿಯಲ್ಲಿ ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆ. ಹೊರಗಿನ ಮೆರುಗು ನೀರು ತಡೆದರೂ ಬುಡದಲ್ಲೋ ಮೂಲೆಯಲ್ಲೋ ಮೆರುಗಿಲ್ಲದ ಕಡೆ ನೀರು ಹೊಕ್ಕರೆ ನೆನೆದ ಬ್ರೆಡ್ಡಿನಂತೆ ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ. ದಿನಾ ನೆಲ ಒರೆಸುವ ಮನೆಯಲ್ಲಿ ಗೀರಿಗಿಂತ ದೊಡ್ಡ ಶತ್ರು ಇದೇ. ಅದಕ್ಕೆ ಜಿಗಣಿಯಿಂದ ಎರಡು ಗ್ರಾನೈಟ್ ಚಪ್ಪಡಿ ತರಿಸಿ ಸ್ಪೀಕರುಗಳನ್ನು ಅದರ ಮೇಲೆ ನಿಲ್ಲಿಸಿದೆವು. ಈಗ ನೆಲ ಒರೆಸುವ ಮಾಪು ಕಲ್ಲಿಗೆ ತಾಗಿ ನಿಲ್ಲುತ್ತದೆ. ಗಂಧ, ಕುಂಕುಮ, ಹೂವು ಎಲ್ಲ ಕಲ್ಲಿಗೆ ಸಲ್ಲುತ್ತದೆ. ಪೀಠಕ್ಕೆ ಪೂಜೆಯಾದರೆ ದೇವರಿಗಾದಂತೆಯೇ ಅಲ್ಲವೇ?

ಇನ್ನು ಮುಸುಕು. ಪ್ಲಾಸ್ಟಿಕ್ ಹೊದಿಕೆ ಖಂಡಿತ ಬೇಡ, ಮಳೆಗಾಲದ ತೇವವನ್ನು ಒಳಗೇ ಹಿಡಿದಿಡುತ್ತದೆ, ಬೇಸಿಗೆಯಲ್ಲಿ ಮೆರುಗಿಗೆ ಅಂಟಿಯೂ ಅಂಟೀತು. ನಾನು ಹಳೆಯ ಹತ್ತಿ ಸೀರೆಯ ಒಡಲಿನಿಂದ, ಗಂಜಿ ಹಾಕದೆ, ಎರಡು ಚೀಲ ಹೊಲಿದೆ. ಹೊಲಿಗೆ ಹೊರಮುಖಕ್ಕೆ. ಹಿಂಬದಿಯ ಗಾಳಿಯ ತೂತಿನಲ್ಲಿ ಹಲ್ಲಿಯೊಂದು ಸಂಸಾರ ಹೂಡಿದ್ದು ಈ ಚೀಲ ಬಂದ ಮೇಲೆ ನಿಂತಿತು. ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಬಂತು.

ಮೂರು ವರ್ಷದಿಂದ ಇವರ ಬಲಗೈ ನಡುಗುತ್ತದೆ. ಮೊದಲು ಕಾಫಿ ಲೋಟದಲ್ಲಿ ಗೊತ್ತಾಯಿತು, ಆಮೇಲೆ ಸಹಿಯಲ್ಲಿ. ಔಷಧಿ ನಡೆಯುತ್ತಿದೆ. ಒಂದು ಭಾನುವಾರ ಬ್ರಷ್ಷು ಹಿಡಿದು ಸ್ಪೀಕರಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಬ್ರಷ್ಷಿನ ಮರದ ಹಿಡಿ ಟಕ್ ಟಕ್ ಎಂದು ಮೆರುಗಿಗೆ ತಾಗುತ್ತಿತ್ತು. ನಾನು ಒಳಗಿನಿಂದ ಕೇಳಿಸಿಕೊಂಡೆ, ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅವರೇ ಬಂದು ಬ್ರಷ್ಷನ್ನು ಮೇಜಿನ ಮೇಲಿಟ್ಟು, ‘ನೀವಿಬ್ರೇ ಮಾಡ್ಕೊಳ್ಳಿ’ ಎಂದರು. ನೀವಿಬ್ಬರೇ ಎಂದರೆ ನಾನು ಮತ್ತು ಆಕೆ.

ಈಗ ಭಾನುವಾರ ಆಕೆ ಬಂದವಳೇ ಬಳೆಗಳನ್ನು ಬಿಚ್ಚಿ ಕಿಟಕಿಯ ದಂಡೆಯ ಮೇಲೆ ಸಾಲಾಗಿ ಇಡುತ್ತಾಳೆ. ಚೀಲವನ್ನು ಎರಡೂ ಕಡೆಯಿಂದ ಎತ್ತುತ್ತೇವೆ, ಆಕೆ ಗಾಳಿ ಹಾಕುತ್ತಾಳೆ, ನಾನು ಬ್ರಷ್ಷು. ಬಟ್ಟೆಯ ಕೆಲಸ ಆಕೆಯದೇ; ನನಗಿಂತ ಹಗುರ ಕೈ. ಇವರು ಕುರ್ಚಿಯಲ್ಲಿ ಕೂತು ‘ನೇರಕ್ಕೆ, ನೇರಕ್ಕೆ’ ಎನ್ನುತ್ತಿರುತ್ತಾರೆ. ‘ನೀವು ಸುಮ್ನೆ ಪಾಟು ಹಾಕ್ಕೊಂಡು ಕೂತ್ಕೊಳ್ಳಿ ಯಜಮಾನ್ರೇ’ ಎಂದು ಆಕೆ ತಿರುಗಿ ಹೇಳುತ್ತಾಳೆ. ಇವರು ಹಾಕುತ್ತಾರೆ, ಹೆಚ್ಚಾಗಿ ಮಲ್ಲಿಕಾರ್ಜುನ ಮನಸೂರರನ್ನು. ಈಚೆಗೆ ಆಕೆಗೂ ಒಂದೆರಡು ವಚನ ಬಾಯಿಗೆ ಬಂದಿವೆ. ಆ ಎರಡು ಬಟ್ಟೆಗಳನ್ನು ಆಕೆ ಬೇರೆ ಬಟ್ಟೆಯ ಜೊತೆ ಸೇರಿಸದೆ, ಸುವಾಸನೆಯ ದ್ರವ ಹಾಕದೆ ಒಗೆದು, ತಂತಿಯ ಕೊನೆಯಲ್ಲಿ ಅವಕ್ಕೇ ಎಂದು ಇಟ್ಟ ಕೆಂಪು ಕ್ಲಿಪ್ಪಿನಲ್ಲಿ ಒಣಹಾಕುತ್ತಾಳೆ. ಮೊನ್ನೆ ಕನ್ನಡಕ ಒರೆಸಿಕೊಳ್ಳೋಣ ಎಂದು ಅದರಲ್ಲೊಂದಕ್ಕೆ ಕೈ ಹಾಕಿದೆ. ‘ಅದನ್ನ ಮುಟ್ಟಬ್ಯಾಡೀಮ್ಮಾ’ ಎಂದಳು.